ಬಿಸಿಲು ನಾಡಿನ ಕೈತೋಟ: ಬಳ್ಳಾರಿ, ರಾಯಚೂರು, ಕೊಪ್ಪಳದ ಮನೆಗಳಲ್ಲಿ ತರಕಾರಿ ಬೆಳೆಯುವ ಕ್ರಮ

ಕೈತೋಟದ ಬಗ್ಗೆ ಸಿಗುವ ಸಲಹೆಗಳಲ್ಲಿ ಬಹುಪಾಲು ಬೆಂಗಳೂರಿನ ಹವೆಗೆ, ಇಲ್ಲವೇ ಮಲೆನಾಡಿನ ಮಣ್ಣಿಗೆ ಹೊಂದುವಂಥವು. ಅವನ್ನೇ ನಂಬಿ ರಾಯಚೂರಿನಲ್ಲಿ ಫೆಬ್ರವರಿಗೆ ಟೊಮ್ಯಾಟೊ ಸಸಿ ನೆಟ್ಟರೆ ಗಿಡ ಚೆನ್ನಾಗಿಯೇ ಬೆಳೆಯುತ್ತದೆ, ಹೂವೂ ಬಿಡುತ್ತದೆ; ಕಾಯಿ ಮಾತ್ರ ಕಚ್ಚುವುದಿಲ್ಲ. ಮಣ್ಣಿಗೆ ಸುಣ್ಣ, ಬೂದಿ ಬೆರೆಸಿ ಎಂಬ ಮಾತು ಹುಳಿ ಮಣ್ಣಿನ ಶಿವಮೊಗ್ಗಕ್ಕೋ ಮಂಗಳೂರಿಗೋ ಸರಿ. ಮೊದಲೇ ಕ್ಷಾರ ಹೆಚ್ಚಿರುವ ನಮ್ಮ ಎರೆ (ಕಪ್ಪು) ಮಣ್ಣಿಗೆ ಅದರಿಂದ ಹಾನಿಯೇ. ಬೀನ್ಸನ್ನು ಬೆಂಗಳೂರಿನವರು ಹೆಚ್ಚುಕಡಿಮೆ ವರ್ಷವಿಡೀ ಬೆಳೆಯುತ್ತಾರೆ, ಬಳ್ಳಾರಿಯಲ್ಲಿ ಅದಕ್ಕೆ ಒಗ್ಗುವುದು ಚಳಿಗಾಲದ ಮೂರೇ ತಿಂಗಳು.

ಇಲ್ಲಿ ಗಿಡ ಸಾಯುವುದು ನೀರಿಲ್ಲದೆ ಮಾತ್ರವಲ್ಲ, ದಿನಾ ನೀರು ಕುಡಿದೂ ಸಾಯುತ್ತದೆ. ಅದಕ್ಕೆ ಕಾರಣ ಎರಡು. ಒಂದು, ಕುಂಡದೊಳಗೆ ಬೇರು ಕಾದುಹೋಗುವುದು. ಇನ್ನೊಂದು, ಬೋರ್‌ವೆಲ್ ನೀರಿನ ಉಪ್ಪು ಮಣ್ಣಿನಲ್ಲಿ ಕೂಡುತ್ತಾ ಹೋಗುವುದು. ಈ ಎರಡನ್ನು ತಡೆದು, ಬಿತ್ತನೆಯ ದಿನವನ್ನು ಬೇಸಿಗೆಯಿಂದ ಹಿಂದಕ್ಕೆ ಎಣಿಸಿ ಇಟ್ಟುಕೊಂಡರೆ 40 ಡಿಗ್ರಿ ದಾಟುವ ಊರಿನಲ್ಲೂ ಮನೆಗೆ ಸಾಕಾಗುವಷ್ಟು ಕಾಯಿಪಲ್ಲೆ ಬರುತ್ತದೆ.

ಲೆಕ್ಕ ಶುರುವಾಗುವುದು ಗಣೇಶ ಚೌತಿಯಿಂದ

ಮೂರೂ ಜಿಲ್ಲೆಗಳಲ್ಲಿ ವರ್ಷದ ಮಳೆ 600 ಮಿಲಿಮೀಟರ್ ಆಸುಪಾಸು. ಅದರಲ್ಲಿ ದೊಡ್ಡ ಪಾಲು ಬೀಳುವುದು ಹುಬ್ಬಾ, ಉತ್ತರಾ ಮಳೆಗಳಲ್ಲಿ, ಅಂದರೆ ಸೆಪ್ಟೆಂಬರ್‌ನಲ್ಲಿ. ಜೂನ್, ಜುಲೈನಲ್ಲಿ ಮೋಡ ಕವಿಯುತ್ತದೆ, ಆಷಾಢದ ಗಾಳಿ ಬೀಸುತ್ತದೆ, ಮಳೆ ಮಾತ್ರ ನಂಬುವ ಹಾಗಿಲ್ಲ. ಹಾಗಾಗಿ ತರಕಾರಿಯ ಮುಖ್ಯ ಹಂಗಾಮು ಇಲ್ಲಿ ಹಿಂಗಾರು. ಅಕ್ಟೋಬರ್‌ನಿಂದ ಫೆಬ್ರವರಿಯವರೆಗಿನ ಐದು ತಿಂಗಳು ಕೈಗೆ ಸಿಕ್ಕ ಹಾಗೆ ಬೆಳೆಯಬಹುದು. ಉಳಿದ ಏಳು ತಿಂಗಳು ಆಯ್ದ ಬೆಳೆಗಳನ್ನೇ ಹಾಕಬೇಕು.

ಚೌತಿ ಹೊತ್ತಿಗೆ ಟೊಮ್ಯಾಟೊ, ಮೆಣಸಿನಕಾಯಿ, ಹೂಕೋಸು, ಎಲೆಕೋಸಿನ ಬೀಜ ಟ್ರೇಗೆ ಬೀಳಬೇಕು. ದಸರಾ ಹೊತ್ತಿಗೆ ಸಸಿ ನಾಟಿ ಮುಗಿಯಬೇಕು. ದೀಪಾವಳಿ ಆಚೀಚೆ ಗಜ್ಜರಿ, ಮೂಲಂಗಿ, ಬೀಟ್‌ರೂಟ್, ಬೀನ್ಸ್, ಪಾಲಕ, ಮೆಂತ್ಯೆ, ಸಬ್ಬಸಗಿ, ಕೊತ್ತಂಬರಿ ನೇರ ಬಿತ್ತನೆ. ಹೀಗೆ ನಡೆದರೆ ಕೊಪ್ಪಳದ ಗವಿಮಠದ ಜಾತ್ರೆ ಬರುವ ಜನವರಿಯಲ್ಲಿ ಟೊಮ್ಯಾಟೊ ಕೀಳುತ್ತಿರುತ್ತೀರಿ.

ಟೊಮ್ಯಾಟೊದ ಲೆಕ್ಕವನ್ನು ಬಿಡಿಸಿ ನೋಡಿ. ರಾತ್ರಿಯ ಉಷ್ಣತೆ 22–24 ಡಿಗ್ರಿಗಿಂತ ಮೇಲೆ, ಹಗಲಿನದು 35ಕ್ಕಿಂತ ಮೇಲೆ ಹೋದರೆ ಪರಾಗ ಬಲ ಕಳೆದುಕೊಂಡು ಹೂವು ಉದುರುತ್ತದೆ. ನಮ್ಮಲ್ಲಿ ಮಾರ್ಚ್ ಮಧ್ಯಕ್ಕೆ ಈ ಗಡಿ ದಾಟಿರುತ್ತದೆ. ನಾಟಿ ಮಾಡಿದ 60–70 ದಿನಕ್ಕೆ ಮೊದಲ ಹಣ್ಣು, ಆಮೇಲೆ ಒಂದೂವರೆ ತಿಂಗಳು ಕೊಯ್ಲು ಬೇಕು. ಹಿಂದಕ್ಕೆ ಎಣಿಸಿದರೆ ನವೆಂಬರ್ ಮಧ್ಯವೇ ಕೊನೆಯ ಗಡುವು. ಸಂಕ್ರಾಂತಿ ಕಳೆದ ಮೇಲೆ ನರ್ಸರಿಯಲ್ಲಿ ಎಷ್ಟೇ ಚೆಂದದ ಟೊಮ್ಯಾಟೊ ಸಸಿ ಕಂಡರೂ ಕೊಳ್ಳಬೇಡಿ.

ಸಂಡೂರಿನ ಗುಡ್ಡದ ಆಸುಪಾಸಿನವರಿಗೆ ಬಯಲಿಗಿಂತ ತುಸು ತಂಪು ಇರುವುದರಿಂದ ಎರಡು ಮೂರು ವಾರ ಸಡಿಲ ಸಿಗುತ್ತದೆ. ಸಿರುಗುಪ್ಪ, ಸಿಂಧನೂರು, ಮಾನ್ವಿ, ರಾಯಚೂರಿನವರು ಗಡುವನ್ನು ಗಟ್ಟಿಯಾಗಿ ಹಿಡಿಯಬೇಕು.

ಮಣ್ಣಿಗಿಂತ ಮೊದಲು ನೀರು ಅಳೆಯಿರಿ

ನೀರಿನಲ್ಲಿ ಕರಗಿದ ಉಪ್ಪನ್ನು ಅಳೆಯುವ, ಕೈಯಲ್ಲಿ ಹಿಡಿಯುವ ಟಿಡಿಎಸ್ ಮೀಟರ್ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಕುಂಡ, ಬೀಜ ಕೊಳ್ಳುವ ಮೊದಲು ಅದನ್ನು ಕೊಳ್ಳಿ. ಬೋರ್‌ವೆಲ್ ನೀರು, ನಳದ ನೀರು, ಕಾಲುವೆ ನೀರು ಹತ್ತಿರ ಸಿಗುವಂತಿದ್ದರೆ ಅದೂ, ಮೂರನ್ನೂ ಅಳೆದು ಬರೆದಿಡಿ. ಬೋರ್‌ವೆಲ್ ನೀರನ್ನು ಬೇಸಿಗೆಯಲ್ಲಿ ಇನ್ನೊಮ್ಮೆ ಅಳೆಯಬೇಕು, ನೀರು ಕೆಳಗಿಳಿದಾಗ ಉಪ್ಪಿನಂಶ ಏರುವುದುಂಟು.

ಮೀಟರ್ 450 ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ಒಳಗೆ ತೋರಿಸಿದರೆ ಯಾವ ತರಕಾರಿಗೂ ಚಿಂತೆಯಿಲ್ಲ. 450 ದಾಟಿದರೆ ಬೀನ್ಸ್, ಗಜ್ಜರಿ, ಮೂಲಂಗಿ, ಉಳ್ಳಾಗಡ್ಡಿ ಸೊರಗಲು ಶುರು. ಬದನೆ, ಮೆಣಸಿನಕಾಯಿಯ ಇಳುವರಿಯೂ ಮೆಲ್ಲಗೆ ಇಳಿಯುತ್ತದೆ. ಪಾಲಕ 850ರ ತನಕ, ಟೊಮ್ಯಾಟೊ ಸುಮಾರು 1000ದ ತನಕ ತಾಳಿಕೊಳ್ಳುತ್ತವೆ. ಅದಕ್ಕೂ ಮೇಲೆ, 1500ರ ಆಸುಪಾಸಿನ ನೀರಿಗೆ ಉಳಿಯುವವು ಬೀಟ್‌ರೂಟ್, ಅಲಸಂದಿ ಮತ್ತು ಚವಳಿಕಾಯಿ (ಗೋರಿಕಾಯಿ). ಚವಳಿಕಾಯಿಯಷ್ಟು ಉಪ್ಪು ತಡೆಯುವ ತರಕಾರಿ ಮನೆತೋಟದಲ್ಲಿ ಇನ್ನೊಂದಿಲ್ಲ. ಅದನ್ನು ಬಡವರ ಪಲ್ಲೆ ಎಂದು ಬದಿಗೆ ಸರಿಸುವುದು ಸಲ್ಲದು.

ಉಪ್ಪುನೀರನ್ನೇ ಬಳಸಬೇಕಾದರೆ ಒಂದು ಕೆಲಸ ತಪ್ಪದೆ ಮಾಡಿ. 15–20 ದಿನಕ್ಕೊಮ್ಮೆ ಪ್ರತಿ ಕುಂಡಕ್ಕೂ, ತಳದ ತೂತುಗಳಿಂದ ನೀರು ಧಾರಾಳವಾಗಿ ಹರಿದು ಹೋಗುವ ಹಾಗೆ, ಅರ್ಧ ಗಂಟೆ ಬಿಟ್ಟು ಎರಡು ಸಲ ನೀರು ಸುರಿಯಿರಿ. ದಿನಾ ಸ್ವಲ್ಪ ಸ್ವಲ್ಪ ಚಿಮುಕಿಸುವವರ ಕುಂಡದಲ್ಲಿ ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಅಲ್ಲೇ ಕೂಡುತ್ತದೆ. ಕುಂಡದ ಅಂಚಿನಲ್ಲಿ ಬಿಳಿ ಪೊರೆ ಕಂಡರೆ, ಕೆಳಗಿನ ಹಳೆಯ ಎಲೆಗಳ ಅಂಚು ಸುಟ್ಟ ಹಾಗೆ ಒಣಗಿದರೆ ತಡಮಾಡಬೇಡಿ. ಮಳೆಗಾಲದ ಜೋರು ಮಳೆ ಈ ಕೆಲಸವನ್ನು ಪುಕ್ಕಟೆ ಮಾಡಿಕೊಡುತ್ತದೆ. ಆಗ ಕುಂಡಗಳನ್ನು ಸೂರಿನ ಕೆಳಗೆ ಸರಿಸದೆ ಮಳೆಗೆ ಒಡ್ಡಿ.

ಶುದ್ಧ ನೀರಿನ ಘಟಕದಿಂದಲೋ ಮನೆಯ ಫಿಲ್ಟರ್‌ನಿಂದಲೋ ಹೊರಬೀಳುವ ತ್ಯಾಜ್ಯ ನೀರನ್ನು "ಹಾಳಾಗಬಾರದು" ಎಂದು ಗಿಡಕ್ಕೆ ಹಾಕುವವರಿದ್ದಾರೆ. ಆ ನೀರಿನಲ್ಲಿ ಮೂಲ ನೀರಿಗಿಂತ ಉಪ್ಪು ಹೆಚ್ಚು, ಅದನ್ನು ನೆಲ ಒರೆಸಲು ಬಳಸಿ. ಪಾತ್ರೆ ತೊಳೆದ ಸೋಪಿನ ನೀರೂ ಕುಂಡಕ್ಕೆ ಬೇಡ, ಅದರ ಸೋಡಿಯಂ ಎರೆ ಮಣ್ಣನ್ನು ಕಟ್ಟಿಹಾಕುತ್ತದೆ. ಅಕ್ಕಿ, ಬೇಳೆ ತೊಳೆದ ನೀರಾದರೆ ಧಾರಾಳವಾಗಿ ಹಾಕಿ.

ಹಿತ್ತಲಲ್ಲಿ ಮೂರು ಬಗೆಯ ಮಣ್ಣು

ಕೆಂಪು ಮಸಾರಿ ಸಿಕ್ಕವರು ಅದೃಷ್ಟವಂತರು. ನೀರು ಬಸಿಯುತ್ತದೆ, ಗಡ್ಡೆ ತರಕಾರಿ ನೆಟ್ಟಗೆ ಇಳಿಯುತ್ತದೆ. ಅದರಲ್ಲಿ ಸತ್ವ ಕಡಿಮೆ, ನೀರು ಬೇಗ ಆರುತ್ತದೆ. ಪ್ರತಿ ಹಂಗಾಮಿಗೂ ಚದರ ಮೀಟರಿಗೆ 4–5 ಕಿಲೋ ಕಳಿತ ತಿಪ್ಪೆಗೊಬ್ಬರ ಬೆರೆಸಿದರೆ ಸಾಕು.

ಎರೆ ಮಣ್ಣಿನ ಸ್ವಭಾವ ಬೇರೆ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ, ಸೆಪ್ಟೆಂಬರ್ ಮಳೆಗೆ ಉಬ್ಬಿ ನೀರು ನಿಲ್ಲಿಸುತ್ತದೆ. ನೆಲಮಟ್ಟದಲ್ಲಿ ನೆಟ್ಟ ಟೊಮ್ಯಾಟೊ, ಮೆಣಸಿನಕಾಯಿ ಎರಡು ದಿನ ನೀರು ನಿಂತರೆ ಸೊರಗಿ ಹೋಗುತ್ತವೆ. ಆದ್ದರಿಂದ 1 ಮೀಟರ್ ಅಗಲ, 20–25 ಸೆಂಟಿಮೀಟರ್ ಎತ್ತರದ ಏರುಮಡಿ ಮಾಡಿ, ಎರಡು ಮಡಿಗಳ ನಡುವೆ 40 ಸೆಂಟಿಮೀಟರ್ ಕಾಲುವೆ ಬಿಡಿ. ಮಣ್ಣು ಹಸಿ ಇದ್ದಾಗ ಅಗೆಯಬಾರದು, ಹೆಂಟೆಗಳು ಕಲ್ಲಾಗುತ್ತವೆ. ತೇವ ಹದಕ್ಕೆ ಬಂದು, ಮುಷ್ಟಿಯಲ್ಲಿ ಹಿಡಿದ ಉಂಡೆ ಬೆರಳು ತಾಗಿದರೆ ಪುಡಿಯಾಗುವಾಗ ಅಗೆಯಿರಿ. ಚದರ ಮೀಟರಿಗೆ ಒಂದು ಪುಟ್ಟಿ ಗೊಬ್ಬರ, ಅರ್ಧ ಪುಟ್ಟಿ ಶೇಂಗಾ ಹೊಟ್ಟು ಸೇರಿಸಿ. ಗಜ್ಜರಿಯನ್ನು ಎರೆಯಲ್ಲಿ ಹಾಕಬೇಡಿ, ಕವಲೊಡೆದು ಗಿಡ್ಡಾಗುತ್ತದೆ.

ತುಂಗಭದ್ರಾ ಕಾಲುವೆಯ ಕೆಳಗಿನ ಗಂಗಾವತಿ, ಸಿಂಧನೂರು, ಸಿರುಗುಪ್ಪ ಭಾಗದಲ್ಲಿ ಮೂರನೆಯ ಬಗೆ ಇದೆ: ಸವಳು, ಅಂದರೆ ಉಪ್ಪೇರಿದ ಮಣ್ಣು. ಸುತ್ತ ಗದ್ದೆಗಳಲ್ಲಿ ನೀರು ನಿಂತು ಅಂತರ್ಜಲ ಮೇಲೆ ಬಂದಿರುತ್ತದೆ, ಬೇಸಿಗೆಯಲ್ಲಿ ಹಿತ್ತಲ ನೆಲ ಬಿಳುಪು ಹೊಡೆಯುತ್ತದೆ. ಇಲ್ಲಿ ಮಡಿಯನ್ನು 40–45 ಸೆಂಟಿಮೀಟರ್ ಎತ್ತರಿಸಬೇಕು. ಮಣ್ಣು ಪರೀಕ್ಷೆಯಲ್ಲಿ ಸೋಡಿಯಂ ಹೆಚ್ಚೆಂದು ಬಂದರೆ ಚದರ ಮೀಟರಿಗೆ ಅರ್ಧ ಕಿಲೋ ಜಿಪ್ಸಂ ಮೇಲ್ಮಣ್ಣಿಗೆ ಬೆರೆಸಿ, ಕಾಲುವೆಯಲ್ಲಿ ನೀರು ಬರುವ ತಿಂಗಳುಗಳಲ್ಲಿ ಎರಡು ಮೂರು ಸಲ ನೀರು ಕಟ್ಟಿ ಬಸಿಯಲು ಬಿಡಿ. ಬಸಿಗಾಲುವೆ ಇಲ್ಲದೆ ಬರೀ ಜಿಪ್ಸಂ ಹಾಕಿದರೆ ದುಡ್ಡು ದಂಡ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಸವಳು-ಜವಳು ಭೂಮಿಯ ಮೇಲೆಯೇ ಬಹುಕಾಲದಿಂದ ಕೆಲಸ ಮಾಡುತ್ತಿದೆ, ರಾಯಚೂರಿನ ಕೃಷಿ ವಿಶ್ವವಿದ್ಯಾಲಯವೂ ಹತ್ತಿರದಲ್ಲಿದೆ. ಹಿತ್ತಲು ದೊಡ್ಡದಿದ್ದರೆ ಮಣ್ಣು ಪರೀಕ್ಷೆ ಮಾಡಿಸಿಯೇ ಮುಂದುವರಿಯಿರಿ.

ಎರೆಯಲ್ಲೂ ಉಪ್ಪುನೀರಿನ ಕುಂಡದಲ್ಲೂ ಸಾಮಾನ್ಯವಾಗಿ ಕಾಣುವ ತೊಂದರೆ ಕಬ್ಬಿಣದ ಕೊರತೆ. ಚಿಗುರೆಲೆ ಹಳದಿಯಾಗಿ, ನರಗಳು ಮಾತ್ರ ಹಸಿರು ಉಳಿದಿದ್ದರೆ ಅದೇ. ಮಣ್ಣಲ್ಲಿ ಕಬ್ಬಿಣ ಇರುತ್ತದೆ, ಆದರೆ ಹುಳಿ-ಕ್ಷಾರದ ಅಳತೆಯಾದ ಪಿಎಚ್ 8 ದಾಟಿದಾಗ ಬೇರಿಗೆ ಸಿಗುವುದಿಲ್ಲ. ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, ಅದರ ಜೊತೆ 1 ಗ್ರಾಂ ಸಿಟ್ರಿಕ್ ಆಮ್ಲ ಅಥವಾ ಅರ್ಧ ನಿಂಬೆಹಣ್ಣಿನ ರಸ ಬೆರೆಸಿ ಸಂಜೆ ಹೊತ್ತು ಎಲೆಗೆ ಸಿಂಪಡಿಸಿ. ಹತ್ತು ದಿನ ಬಿಟ್ಟು ಇನ್ನೊಮ್ಮೆ. ಹಳದಿ ಬಣ್ಣ ಕೆಳಗಿನ ಹಳೆಯ ಎಲೆಯಿಂದ ಶುರುವಾಗಿದ್ದರೆ ಅದು ಸಾರಜನಕದ ಕೊರತೆ, ಅದಕ್ಕೆ ಹಿಂಡಿ ನೀರು ಬೇಕು.

ಕುಂಡದ ಮಿಶ್ರಣ

ಎರಡು ಪಾಲು ಕೆಂಪು ಮಸಾರಿ, ಒಂದು ಪಾಲು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ, ಒಂದು ಪಾಲು ಭತ್ತದ ಹೊಟ್ಟು. 20 ಲೀಟರಿನ ಕುಂಡಕ್ಕೆ 100 ಗ್ರಾಂ ಬೇವಿನ ಹಿಂಡಿ. ಕೋಕೋಪೀಟ್ ದೂರದಿಂದ ತರಿಸುವ ಬದಲು ಗಂಗಾವತಿ, ಸಿಂಧನೂರಿನ ರೈಸ್ ಮಿಲ್ಲುಗಳ ಹೊಟ್ಟು ಬಳಸುವುದು ಅಗ್ಗ, ಮಣ್ಣೂ ಸಡಿಲ ಉಳಿಯುತ್ತದೆ. ಹಸಿ ಹೊಟ್ಟಿನಲ್ಲಿ ಉಳಿದ ಭತ್ತದ ಕಾಳು ಮೊಳೆಯುತ್ತದೆ, ಆದ್ದರಿಂದ ಮಿಶ್ರಣಕ್ಕೆ ನೀರು ಹಾಕಿ ಎರಡು ವಾರ ಬಿಟ್ಟು, ಮೊಳಕೆ ಕಿತ್ತು ಆಮೇಲೆ ಬಿತ್ತಿ. ಮಿಲ್ಲಿನ ಬೂದಿಯನ್ನು ಮಾತ್ರ ಹೆಚ್ಚು ಹಾಕಬೇಡಿ, ಅದು ಕ್ಷಾರ.

ಕುರಿ ಹಿಕ್ಕಿ ಈ ಸೀಮೆಯಲ್ಲಿ ಬೇಕಾದಷ್ಟು ಸಿಗುತ್ತದೆ, ಸತ್ವವೂ ಹೆಚ್ಚು. ಹಸಿಯಾಗಿ ಹಾಕಿದರೆ ಎಳೆ ಬೇರನ್ನು ಸುಡುತ್ತದೆ. ಮೂರು ತಿಂಗಳು ತೇವ ಮಾಡಿ ಕಳಿಯಲು ಬಿಟ್ಟು, ತಿಪ್ಪೆಗೊಬ್ಬರದ ಅರ್ಧ ಪ್ರಮಾಣದಲ್ಲಿ ಬಳಸಿ. ಅರೆಕಳಿತ ಸಗಣಿಯೂ ಬೇಡ, ಗೆದ್ದಲು ಮತ್ತು ಗೊಣ್ಣೆಹುಳು ಅದರ ಬೆನ್ನಿಗೇ ಬರುತ್ತವೆ.

ಸೊಪ್ಪಿಗೆ 20 ಸೆಂಟಿಮೀಟರ್ ಆಳದ ಅಗಲ ಟಬ್ ಸಾಕು. ಬದನೆ, ಟೊಮ್ಯಾಟೊ, ಬೆಂಡೆ, ಮೆಣಸಿನಕಾಯಿಗೆ 20–25 ಲೀಟರ್; ಹೀರೆ, ಹಾಗಲ, ಸೋರೆಯಂಥ ಬಳ್ಳಿಗೆ 40–50 ಲೀಟರ್. ಬೇರೆ ಊರಿನವರು 10 ಲೀಟರಿನಲ್ಲಿ ಟೊಮ್ಯಾಟೊ ಬೆಳೆಯಬಹುದು. ಇಲ್ಲಿ ಚಿಕ್ಕ ಕುಂಡ ಮಧ್ಯಾಹ್ನದೊಳಗೆ ಕಾದು ಒಣಗಿಬಿಡುತ್ತದೆ. ತೂತು ತಳದಲ್ಲೇ ಇರಲಿ. ನೀರು ಉಳಿಯಲಿ ಎಂದು ಪಕ್ಕದಲ್ಲಿ ತೂತು ಕೊರೆದರೆ ತಳದಲ್ಲಿ ಉಪ್ಪು ನಿಲ್ಲುತ್ತದೆ.

ಮೇಲುಗೊಬ್ಬರಕ್ಕೆ 100 ಗ್ರಾಂ ಶೇಂಗಾ ಹಿಂಡಿಯನ್ನು 1 ಲೀಟರ್ ನೀರಿನಲ್ಲಿ ಮೂರು ದಿನ ನೆನೆಸಿ, ಹತ್ತು ಪಟ್ಟು ನೀರು ಬೆರೆಸಿ, 15 ದಿನಕ್ಕೊಮ್ಮೆ ಕುಂಡಕ್ಕೆ ಅರ್ಧ ಲೀಟರ್ ಕೊಡಿ. ವಾಸನೆ ಬರುತ್ತದೆ, ಮುಚ್ಚಳ ಹಾಕಿಡಿ.

ಮಾಳಿಗೆ ಮೇಲಿನ ಕಾವು

ತೂಕದ ಮಾತು ಮೊದಲು. 20 ಲೀಟರಿನ ಕುಂಡ ನೀರುಂಡಾಗ 25–30 ಕಿಲೋ ಆಗುತ್ತದೆ. ಆರ್‌ಸಿಸಿ ಮಾಳಿಗೆಯಾದರೂ ಗೋಡೆ, ತೊಲೆಗಳ ನೇರಕ್ಕೆ ಸಾಲಾಗಿ ಇಡಿ, ನಡುವೆ ಗುಂಪು ಹಾಕಬೇಡಿ. ಕಡಪ ಕಲ್ಲು ಹೊದಿಸಿದ ಮಾಳಿಗೆ, ಹಳೆಯ ಮಣ್ಣಿನ ಮಾಳಿಗೆಗಳ ಮೇಲೆ ಕುಂಡ ಇಡಲೇಬೇಡಿ, ಅಂಗಳದಲ್ಲಿ ಬೆಳೆಯಿರಿ.

ಏಪ್ರಿಲ್‌ನ ಒಂದು ಮಧ್ಯಾಹ್ನ ಮೂರು ಗಂಟೆಗೆ ಕಪ್ಪು ಗ್ರೋಬ್ಯಾಗಿನ ಪಶ್ಚಿಮ ಬದಿಯಲ್ಲಿ ಎರಡು ಇಂಚು ಒಳಗೆ ಬೆರಳು ಇಳಿಸಿ ನೋಡಿ. ಬೆರಳು ಹಿಂದಕ್ಕೆ ಎಳೆದುಕೊಳ್ಳುವಷ್ಟು ಕಾವಿರುತ್ತದೆ. ಒಣಗಿದ ಗಿಡ ಕಿತ್ತಾಗ ಆ ಬದಿಯ ಬೇರುಗಳು ಕಂದಾಗಿ, ಹಿಡಿದರೆ ಸಿಪ್ಪೆ ಜಾರಿ ದಾರದಂಥ ತಿರುಳು ಮಾತ್ರ ಕೈಗೆ ಬರುತ್ತದೆ; ಪೂರ್ವ ಬದಿಯ ಬೇರು ಇನ್ನೂ ಬೆಳ್ಳಗಿರುತ್ತದೆ. ಗಿಡ ಬಾಡಿದ್ದು ಕಂಡು ಮತ್ತಷ್ಟು ನೀರು ಸುರಿದರೆ ಸತ್ತ ಬೇರು ಕೊಳೆಯುತ್ತದೆ, ಅಷ್ಟೇ.

ಇದನ್ನು ತಡೆಯಲು ಹೆಚ್ಚು ಖರ್ಚು ಬೇಕಿಲ್ಲ. ಕುಂಡದ ಕೆಳಗೆ ಎರಡು ಇಟ್ಟಿಗೆ ಇಟ್ಟು ಮಾಳಿಗೆಯಿಂದ ಎತ್ತರಿಸಿ, ಗಾಳಿ ಆಡಲಿ. ಕಪ್ಪು ಚೀಲಕ್ಕೆ ಹಳೆಯ ಗೋಣಿತಟ್ಟು ಸುತ್ತಿ, ಅದಕ್ಕೆ ಸುಣ್ಣದ ನೀರು ಬಳಿಯಿರಿ. ಸುಣ್ಣ ಹೊರಗೇ ಇರಲಿ, ಮಣ್ಣಿಗೆ ಬೀಳದಂತೆ ನೋಡಿಕೊಳ್ಳಿ. ದೊಡ್ಡ ಟಬ್ಬಿನೊಳಗೆ ಕುಂಡ ಇಟ್ಟು ನಡುವಿನ ಜಾಗಕ್ಕೆ ಭತ್ತದ ಹೊಟ್ಟು ತುಂಬಿದರೆ ಇನ್ನೂ ಒಳ್ಳೆಯದು. ಪ್ಯಾರಾಪೆಟ್ಟಿನ ನೆರಳು ಮಧ್ಯಾಹ್ನ ಬೀಳುವ ಕಡೆ, ಅಂದರೆ ಪಶ್ಚಿಮ ಗೋಡೆಯ ಒಳಮಗ್ಗುಲಿಗೆ ಕುಂಡ ಸರಿಸಿ. ಮಣ್ಣಿನ ಮೇಲೆ 5 ಸೆಂಟಿಮೀಟರ್ ದಪ್ಪ ಶೇಂಗಾ ಹೊಟ್ಟು, ಭತ್ತದ ಹುಲ್ಲು ಅಥವಾ ಕತ್ತರಿಸಿದ ಜೋಳದ ದಂಟು ಹೊದಿಸಿ, ಕಾಂಡದ ಸುತ್ತ ಎರಡು ಇಂಚು ಬಿಟ್ಟು. ಹಿತ್ತಲ ಮಡಿಗೆ ಹೊದಿಸಿದಾಗ ಗೆದ್ದಲು ಬರುತ್ತದೆ, ಹೊದಿಕೆಯ ಕೆಳಗೆ ಬೇವಿನ ಹಿಂಡಿ ಉದುರಿಸಿ.

ಶಿವರಾತ್ರಿ ಹೊತ್ತಿಗೆ ನೆರಳು ಬಲೆ ಕಟ್ಟಿ ಮುಗಿದಿರಬೇಕು. ಸೊಪ್ಪಿಗೆ ಶೇಕಡಾ 50ರ ಬಲೆ, ಕಾಯಿ ಬಿಡುವ ಗಿಡಕ್ಕೆ ಶೇಕಡಾ 35ರದು. ಶೇಕಡಾ 75ರದು ಕಟ್ಟಿದರೆ ಗಿಡ ಉದ್ದುದ್ದ ಬೆಳೆದು ಕಾಯಿ ಬಿಡುವುದಿಲ್ಲ. ಏಳು ಅಡಿ ಎತ್ತರಕ್ಕೆ ಕಟ್ಟಿ, ಪಕ್ಕಗಳು ತೆರೆದಿರಲಿ. ಪಶ್ಚಿಮಕ್ಕೆ ಮಾತ್ರ ಒಂದು ಪರದೆ ಇಳಿಬಿಡಿ. ಮೇ ತಿಂಗಳ ಬಿರುಗಾಳಿ ಮಳೆ ಬಲೆಯನ್ನು ಹರಿದು ಒಯ್ಯುತ್ತದೆ, ಹಾಗಾಗಿ ನಾಲ್ಕು ಮೂಲೆ ಸಾಲದು, ಮೀಟರಿಗೊಂದು ಕಟ್ಟು ಹಾಕಿ. ಜೂನ್ ಮಧ್ಯಕ್ಕೆ ಬಲೆ ತೆಗೆಯಿರಿ. ಆಷಾಢದ ಗಾಳಿಗೆ ಪಶ್ಚಿಮ, ನೈಋತ್ಯ ದಿಕ್ಕಿಗೆ ತೊಗರಿ ಕಟ್ಟಿಗೆಯ ತಟ್ಟಿ ನಿಲ್ಲಿಸಿ. ತಟ್ಟಿಯ ಸಂದಿಯಿಂದ ಗಾಳಿ ಸೋಸಿ ಬರುತ್ತದೆ. ತಗಡು ನಿಲ್ಲಿಸಿದರೆ ಅದರ ಮೇಲಿಂದ ಗಾಳಿ ಸುಳಿಯಾಗಿ ಗಿಡದ ಮೇಲೇ ಬೀಳುತ್ತದೆ.

ನೀರು ಹಾಕುವ ಹೊತ್ತು ಬೆಳಗಿನ ಏಳರೊಳಗೆ. ಬೇಸಿಗೆಯಲ್ಲಿ ಸಂಜೆ ಇನ್ನೊಮ್ಮೆ, ಆದರೆ ಮಾಳಿಗೆಯ ಪೈಪಿನಲ್ಲಿ ನಿಂತ ನೀರು ಕಾದಿರುತ್ತದೆ, ಮೊದಲ ಬಕೆಟ್ಟನ್ನು ಬೇರೆ ಕೆಲಸಕ್ಕೆ ತೆಗೆದಿಡಿ. ಕಾಯಿ ಬಿಟ್ಟ ಬದನೆ ಗಿಡಕ್ಕೆ ಡಿಸೆಂಬರ್‌ನಲ್ಲಿ ದಿನಕ್ಕೆ 1ರಿಂದ 1.5 ಲೀಟರ್ ಸಾಕು, ಏಪ್ರಿಲ್‌ನಲ್ಲಿ 2.5ರಿಂದ 3 ಲೀಟರನ್ನು ಎರಡು ಕಂತಿನಲ್ಲಿ ಕೊಡಬೇಕು. ಮಧ್ಯಾಹ್ನ ಎಲೆ ಬಾಡಿದ ಮಾತ್ರಕ್ಕೆ ನೀರು ಹಾಕಬೇಡಿ. ಎರಡು ಇಂಚು ಆಳದಲ್ಲಿ ತೇವವಿದ್ದು, ಸಂಜೆ ಆರಕ್ಕೆ ಗಿಡ ತಾನೇ ಎದ್ದು ನಿಂತರೆ ಅದಕ್ಕೆ ನೀರಿನ ಕೊರತೆಯಿಲ್ಲ.

ಹಿತ್ತಲಲ್ಲಿ ಬೇಸಿಗೆ ಕಳೆಯಲು ಮಣ್ಣಿನ ಗಡಿಗೆ ಒಳ್ಳೆಯ ಉಪಾಯ. ಬಣ್ಣ ಬಳಿಯದ, 5–8 ಲೀಟರಿನ ಗಡಿಗೆಯನ್ನು ಕುತ್ತಿಗೆಯವರೆಗೆ ಹೂತು, ಸುತ್ತ ಒಂದು ಗೇಣಿನೊಳಗೆ ಮೂರು ನಾಲ್ಕು ಗಿಡ ಹಾಕಿ, ನೀರು ತುಂಬಿ ಮುಚ್ಚಳ ಇಡಿ. ಎರಡು ಮೂರು ದಿನಕ್ಕೊಮ್ಮೆ ತುಂಬಿದರಾಯಿತು. ಉಪ್ಪುನೀರಿಗೆ ಗಡಿಗೆಯ ರಂಧ್ರ ಕಟ್ಟಿಕೊಳ್ಳುತ್ತವೆ, ಹಂಗಾಮಿಗೊಮ್ಮೆ ಹೊರತೆಗೆದು ಉಜ್ಜಿ ತೊಳೆಯಬೇಕು.

ಯಾವ ಬೆಳೆ, ಹೇಗೆ

ಟೊಮ್ಯಾಟೊ ಬೀಜವನ್ನು ಟ್ರೇಯಲ್ಲಿ ಅರ್ಧ ಸೆಂಟಿಮೀಟರ್ ಆಳಕ್ಕೆ ಹಾಕಿ. 25 ದಿನಕ್ಕೆ ಸಸಿ ಸಿದ್ಧ. ಬದನೆಗೆ 30–35, ಮೆಣಸಿನಕಾಯಿಗೆ 35–40 ದಿನ. ಟ್ರೇಯ ಮೇಲೆ ಸಣ್ಣ ಕಣ್ಣಿನ ನೈಲಾನ್ ಪರದೆಯನ್ನು ಮೊದಲ ದಿನದಿಂದಲೇ ಹೊದಿಸಿ. ಎಲೆ ಮುದುಡು ರೋಗವನ್ನು ಬಿಳಿ ನೊಣ ತರುತ್ತದೆ, ಸಸಿಯಿದ್ದಾಗಲೇ ತಗುಲಿದ ಗಿಡ ಜೀವಮಾನವಿಡೀ ಕಾಯಿ ಕೊಡುವುದಿಲ್ಲ. ತಳಿಗಳಲ್ಲಿ ಬೆಂಗಳೂರಿನ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಈ ರೋಗವನ್ನು ತಡೆದುಕೊಳ್ಳುತ್ತದೆ. ಅದು ಹೈಬ್ರಿಡ್, ಅದರ ಹಣ್ಣಿನ ಬೀಜ ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಬೇಡಿ. ಹಣ್ಣಿನ ತುದಿ (ತೊಟ್ಟಿನ ಎದುರು ಬದಿ) ಕಪ್ಪಾಗಿ ಒಳಕ್ಕೆ ತಗ್ಗಿದರೆ ಅದು ಹುಳವಲ್ಲ. ಒಂದು ದಿನ ನೀರು ಹಾಕಿ ಎರಡು ದಿನ ಮರೆತಾಗ, ಮಣ್ಣಲ್ಲಿ ಉಪ್ಪು ಕೂಡಿದಾಗ ಸುಣ್ಣದಂಶ ಹಣ್ಣಿನ ತುದಿಗೆ ತಲುಪದೆ ಹಾಗಾಗುತ್ತದೆ. ನೀರನ್ನು ಒಂದೇ ಹದಕ್ಕೆ ತನ್ನಿ.

ಬದನೆ, ನಮ್ಮ ಮುಳಗಾಯಿ, ಈ ಸೀಮೆಯ ಮನೆಗೆ ತಕ್ಕ ಬೆಳೆ. ಜುಲೈ ಕೊನೆಗೆ ನಾಟಿ ಮಾಡಿದರೆ ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಕಾಯಿ. ಆಮೇಲೆ ಕಿತ್ತು ಹಾಕದೆ, ಮಾರ್ಚ್ ಆರಂಭದಲ್ಲಿ ನೆಲದಿಂದ ಒಂದು ಗೇಣು ಬಿಟ್ಟು ಕತ್ತರಿಸಿ, ಎರಡು ಮುಷ್ಟಿ ಗೊಬ್ಬರ ಕೊಟ್ಟು ನೆರಳು ಬಲೆಯ ಕೆಳಗೆ ಇಡಿ. ಆಳಕ್ಕೆ ಇಳಿದ ಹಳೆಯ ಬೇರು ಬೇಸಿಗೆಯನ್ನು ದಾಟಿಸುತ್ತದೆ, ಮೊದಲ ಮಳೆಗೆ ಕೂಳೆ ಚಿಗುರಿ ಮತ್ತೆ ಕಾಯಿ ಹಿಡಿಯುತ್ತದೆ. ತುದಿ ಚಿಗುರು ಜೋತುಬಿದ್ದಿದ್ದರೆ ಒಳಗೆ ಕೊರೆಹುಳು ಇದೆ. ವಾರಕ್ಕೊಮ್ಮೆ ಅಂಥ ತುದಿಗಳನ್ನು ಬಾಡಿದ ಜಾಗದಿಂದ ಒಂದಿಂಚು ಕೆಳಗೆ ಕತ್ತರಿಸಿ ಸುಟ್ಟುಹಾಕಿ. ಇದನ್ನು ಬಿಡದೆ ಮಾಡುವ ಮನೆಯಲ್ಲಿ ಕಾಯಿಯೊಳಗೆ ಹುಳು ಬಹಳ ಕಡಿಮೆ.

ಚವಳಿಕಾಯಿಯನ್ನು ಫೆಬ್ರವರಿ–ಮಾರ್ಚ್‌ನಲ್ಲಿ ಮತ್ತು ಜೂನ್–ಜುಲೈನಲ್ಲಿ ಬಿತ್ತಿ, ಸಾಲಿನಿಂದ ಸಾಲಿಗೆ 45, ಗಿಡದಿಂದ ಗಿಡಕ್ಕೆ 15 ಸೆಂಟಿಮೀಟರ್. ಪೂಸಾ ನವಬಹಾರ್ ಒಂಟಿ ಕಾಂಡದ ತಳಿ, ಕುಂಡಕ್ಕೆ ಚೆನ್ನ. ಗೊಬ್ಬರ, ನೀರು ಹೆಚ್ಚಾದರೆ ಎಲೆ ದಟ್ಟವಾಗಿ ಕಾಯಿ ಕಡಿಮೆಯಾಗುತ್ತದೆ. ಬೆಂಡೆಯೂ ಇದೇ ಎರಡು ಹೊತ್ತಿನದು. ಬೀಜ ರಾತ್ರಿ ನೆನೆಸಿ ಹಾಕಿ, 45–50 ದಿನಕ್ಕೆ ಕೊಯ್ಲು, ದಿನ ಬಿಟ್ಟು ದಿನ ಕಿತ್ತರೆ ಮಾತ್ರ ಎಳೆಕಾಯಿ. ಎಲೆಯ ನರಗಳು ಹಳದಿ ಬಲೆಯಂತಾದ ಬೆಂಡೆ ಗಿಡವನ್ನು ಕೂಡಲೇ ಕಿತ್ತುಬಿಡಿ, ಅದು ವಾಸಿಯಾಗುವುದಿಲ್ಲ.

ಪುಂಡಿ ಪಲ್ಲೆ ಮೇ ಕೊನೆಯಿಂದ ಆಗಸ್ಟ್‌ವರೆಗೆ ಯಾವಾಗ ಬಿತ್ತಿದರೂ ಬರುತ್ತದೆ. ಹಗಲು ಗಿಡ್ಡಾದೊಡನೆ ಅದು ಹೂವಿಗೆ ತಿರುಗುತ್ತದೆ, ಆದ್ದರಿಂದ ಅಕ್ಟೋಬರ್‌ನಲ್ಲಿ ಬಿತ್ತಿ ಸೊಪ್ಪು ಕಾಯಬೇಡಿ. ಬೇಸಿಗೆಯ ಸೊಪ್ಪೆಂದರೆ ರಾಜಗಿರಿ, ಗೋಳಿ ಪಲ್ಲೆ, ನೆರಳಲ್ಲಿ ಬಸಳೆ. ಹಲವು ಸಲ ಕೊಯ್ಯುವ ಅರ್ಕಾ ಸುಗುಣ ರಾಜಗಿರಿ 25–30 ದಿನಕ್ಕೆ ಮೊದಲ ಕೊಯ್ಲಿಗೆ ಬಂದು ಐದಾರು ಸಲ ಚಿಗುರುತ್ತದೆ. ಮೂಲಂಗಿಯಲ್ಲಿ ಪೂಸಾ ಚೇತ್ಕಿ ಸೆಕೆ ತಡೆಯುತ್ತದೆ.

ಕೊತ್ತಂಬರಿಗೆ ಹವೀಜವನ್ನು ಚಪ್ಪಲಿಯಿಂದ ಉಜ್ಜಿ ಎರಡು ಹೋಳು ಮಾಡಿ ರಾತ್ರಿಯಿಡೀ ನೆನೆಸಿ ಬಿತ್ತಿ. ಅಕ್ಟೋಬರ್‌ನಿಂದ ಜನವರಿವರೆಗೆ 15 ದಿನಕ್ಕೊಂದು ಟಬ್ ಬಿತ್ತುತ್ತಾ ಹೋದರೆ ಮಾರುಕಟ್ಟೆಯ ಮುಖ ನೋಡಬೇಕಿಲ್ಲ. ಮಾರ್ಚ್ ನಂತರ ಶೇಕಡಾ 50ರ ನೆರಳಲ್ಲಿ ಬಿತ್ತಿ ಎಳೆಯದಾಗಿಯೇ ಕೊಯ್ಯಬೇಕು, ಬಿಟ್ಟರೆ ಹೂವಿಗೆ ಹೋಗುತ್ತದೆ. ಬಟಾಣಿ, ಆಲೂಗಡ್ಡೆಗೆ ನಮ್ಮ ಹವೆಯಲ್ಲಿ ಜಾಗ ಕೊಡುವುದು ವ್ಯರ್ಥ ಎಂದೇ ನಮ್ಮ ಅಭಿಪ್ರಾಯ.

ಬಳ್ಳಿಗಳಲ್ಲಿ ದೊಡ್ಡ ದೂರು "ಹೂವಿದೆ, ಕಾಯಿಯಿಲ್ಲ" ಎಂಬುದು. ಸೆಕೆ ಹೆಚ್ಚಿದಾಗ ಗಂಡು ಹೂವುಗಳೇ ಹೆಚ್ಚು. ಪಟ್ಟಣದ ಮಾಳಿಗೆಗೆ ಜೇನು ಬರುವುದೂ ಕಡಿಮೆ, ಹಾಗಾಗಿ ಕೈಯಿಂದ ಪರಾಗ ತಾಗಿಸಬೇಕು. ಹೊತ್ತು ಗೊತ್ತಿರಬೇಕು: ಹಾಗಲ, ಸೌತೆ ಬೆಳಿಗ್ಗೆ ಅರಳುತ್ತವೆ; ಹೀರೆ, ಸೋರೆ ಸಂಜೆ. ಗಂಡು ಹೂವಿನ ಎಸಳು ಬಿಡಿಸಿ, ಕೆಳಗೆ ಪುಟ್ಟ ಕಾಯಿಯಿರುವ ಹೆಣ್ಣು ಹೂವಿನ ನಡುವಿಗೆ ಮೆತ್ತಗೆ ಒತ್ತಿ. ಸೌತೆ ಕಹಿಯಾದರೆ ಮೊದಲು ನೀರಿನ ಹದ ನೋಡಿ, ನೀರು ತಪ್ಪಿದ ಬಳ್ಳಿಯಲ್ಲಿ ಕಹಿ ಏರುತ್ತದೆ.

ಹಿತ್ತಲಿದ್ದವರು ಒಂದು ನುಗ್ಗೆ ಹಾಕಲೇಬೇಕು. ಪಿಕೆಎಂ–1 ಅಥವಾ ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯದ ಭಾಗ್ಯ ತಳಿ ತನ್ನಿ. ಮೀಟರ್ ಎತ್ತರಕ್ಕೆ ತುದಿ ಚಿವುಟಿ, ಕೊಯ್ಲಾದ ಮೇಲೆ ಪ್ರತಿವರ್ಷ ಮೀಟರಿಗೆ ಕಡಿಯಿರಿ. ಕಡಿಯದೆ ಬಿಟ್ಟ ನುಗ್ಗೆ ಆಷಾಢದ ಗಾಳಿಗೆ ಮುರಿದು ಬೀಳುತ್ತದೆ.

ಹುಳ, ನುಸಿ

ಹತ್ತಿ ಬೆಳೆಯುವ ಸೀಮೆಯಲ್ಲಿ ಒಂದು ವಿಶೇಷ ತೊಂದರೆಯಿದೆ. ಹೊಲದಲ್ಲಿ ಹತ್ತಿ ಗಿಡ ಒಣಗತೊಡಗಿದಾಗ ಬಿಳಿ ನೊಣ, ಜಿಗಿಹುಳು, ಹಿಟ್ಟು ತಿಗಣೆ ಹಸಿರು ಹುಡುಕಿ ಮನೆಯಂಗಳಕ್ಕೆ ಬರುತ್ತವೆ. ಆ ಹೊತ್ತಿಗೆ ಹಳದಿ ಬಣ್ಣದ ತಗಡಿಗೋ ರಟ್ಟಿಗೋ ಔಡಲ ಎಣ್ಣೆ ಸವರಿ ಗಿಡದ ಮಟ್ಟಕ್ಕೆ ತೂಗುಹಾಕಿ. ಲೀಟರಿಗೆ 5 ಮಿಲಿ ಬೇವಿನ ಎಣ್ಣೆ, 1–2 ಮಿಲಿ ಸೋಪಿನ ದ್ರಾವಣ ಚೆನ್ನಾಗಿ ಕಲಕಿ ಎಲೆಯ ಕೆಳಮೈಗೆ ತಾಗುವ ಹಾಗೆ ಹೊಡೆಯಿರಿ. ಸೂರ್ಯ ಇಳಿದ ಮೇಲೆಯೇ ಹೊಡೆಯಬೇಕು, 35 ಡಿಗ್ರಿಯ ಬಿಸಿಲಲ್ಲಿ ಎಣ್ಣೆ ಎಲೆಯನ್ನೇ ಸುಡುತ್ತದೆ.

ಮೆಣಸಿನ ಗಿಡದ ಎಲೆ ಮುದುಡುವುದನ್ನು ಬಿಡಿಸಿ ನೋಡಿ. ದೋಣಿಯ ಹಾಗೆ ಮೇಲಕ್ಕೆ ಮುದುಡಿದರೆ ಥ್ರಿಪ್ಸ್ ಎಂಬ ರಸ ಹೀರುವ ಸಣ್ಣ ಕೀಟ, ಕೆಳಕ್ಕೆ ಬಾಗಿದರೆ ನುಸಿ. ಥ್ರಿಪ್ಸ್‌ಗೆ ನೀಲಿ ಅಂಟುಬಲೆ ಮತ್ತು ಬೇವಿನ ಎಣ್ಣೆ, ನುಸಿಗೆ ನೀರಲ್ಲಿ ಕರಗುವ ಗಂಧಕ ಲೀಟರಿಗೆ 2–3 ಗ್ರಾಂ. ಗಂಧಕವನ್ನೂ ಕಡುಬಿಸಿಲಿನ ದಿನಗಳಲ್ಲಿ ಹೊಡೆಯಬಾರದು. ಬೇವಿನ ಎಣ್ಣೆ ಹೊಡೆದ ಗಿಡಕ್ಕೆ ಎರಡು ವಾರ ಬಿಟ್ಟೇ ಗಂಧಕ ಹೊಡೆಯಿರಿ. ಹೀರೆ, ಹಾಗಲದ ಹಣ್ಣುನೊಣಕ್ಕೆ ಔಷಧಿ ಬೇಡ, ಎಳೆಗಾಯಿಗೆ ಹಳೆ ಪತ್ರಿಕೆಯ ಕೊಳವೆ ತೊಡಿಸಿ ಪಿನ್ ಹಾಕಿ, ಕೊಳೆತು ಉದುರಿದ ಕಾಯಿಯನ್ನು ಗುಂಡಿ ತೋಡಿ ಹೂಳಿ.

ಮೇ ತಿಂಗಳ ಕೆಲಸ

ಕಿತ್ತ ಗಿಡದ ಬೇರಿನಲ್ಲಿ ಮಣಿ ಪೋಣಿಸಿದಂಥ ಗಂಟುಗಳಿದ್ದರೆ ಅದು ಗಂಟುಬೇರು ಜಂತುವಿನ ಕೆಲಸ. ಅದಕ್ಕೆ ನಮ್ಮ ಬಿಸಿಲೇ ಮದ್ದು. ಏಪ್ರಿಲ್ ಮಧ್ಯದಲ್ಲಿ ಖಾಲಿಯಾದ ಕುಂಡಗಳ ಮಣ್ಣನ್ನು ಒಂದೆಡೆ 15–20 ಸೆಂಟಿಮೀಟರ್ ದಪ್ಪಕ್ಕೆ ಹರಡಿ, ಚೆನ್ನಾಗಿ ನೀರುಣಿಸಿ, ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, ಗಾಳಿ ಹೋಗದಂತೆ ಅಂಚಿಗೆ ಮಣ್ಣು ಒತ್ತಿ. ಕಪ್ಪು ಹಾಳೆ ಬೇಡ, ಅದು ಕಾವನ್ನು ತಾನೇ ಹೀರಿಕೊಂಡು ಮಣ್ಣಿಗೆ ಕಡಿಮೆ ಇಳಿಸುತ್ತದೆ. ನಾಲ್ಕರಿಂದ ಆರು ವಾರ ಹಾಗೇ ಬಿಟ್ಟರೆ ಜಂತು, ಕಳೆ ಬೀಜ, ಸಸಿ ಕೊಳೆಸುವ ಶಿಲೀಂಧ್ರ ಬಹಳಷ್ಟು ಸಾಯುತ್ತವೆ. ಒಳ್ಳೆಯ ಸೂಕ್ಷ್ಮಜೀವಿಗಳೂ ತಗ್ಗಿರುತ್ತವೆ. ಆದ್ದರಿಂದ 10 ಕಿಲೋ ತಿಪ್ಪೆಗೊಬ್ಬರಕ್ಕೆ 50 ಗ್ರಾಂ ಟ್ರೈಕೋಡರ್ಮಾ (ರೋಗ ತಡೆಯುವ ಒಳ್ಳೆಯ ಶಿಲೀಂಧ್ರ) ಬೆರೆಸಿ, ನೆರಳಲ್ಲಿ ತೇವವಾಗಿ ಎರಡು ವಾರ ಇಟ್ಟು, ಹಾಳೆ ತೆಗೆದ ಮೇಲೆ ಆ ಮಣ್ಣಿಗೆ ಸೇರಿಸಿ ಕುಂಡ ತುಂಬಿ. ಮೃಗಶಿರ ಮಳೆ ಒಂದೆರಡು ಹದ ಬಿದ್ದು ಮಣ್ಣು ತಣಿದಾಗ ಮೊದಲ ಟಬ್ಬಿಗೆ ಪುಂಡಿ, ಎರಡನೆಯದಕ್ಕೆ ಚವಳಿಕಾಯಿ, ದೊಡ್ಡ ಕುಂಡಕ್ಕೆ ಹೀರೆ ಬೀಜ ಹಾಕಿ, ಜುಲೈ ಕೊನೆಗೆ ನೆಡಬೇಕಾದ ಮುಳಗಾಯಿ ಬೀಜವನ್ನೂ ಅದೇ ವಾರ ಟ್ರೇಗೆ ಇಳಿಸಿ.